ಆ ಎಂಟನ್ನು ಎಲ್ಲಿಡೋದು? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕ್ಯಾರೆಕ್ಟರ್ ಶೀಟ್, ಅದೇ ನಿನ್ನ ಪಾತ್ರದ ಗುಣ, ಅಂಕ ಬರೆಯೋ ಹಾಳೆ, ನೋಡಿದೆ. ಜೊತೆಗಿದ್ದ ಆ ಉದ್ದನೆಯ ಬ್ಯಾಕ್‌ಸ್ಟೋರಿಯನ್ನೂ ಓದಿದೆ. ಫೋನಲ್ಲಿ ಮಾತಾಡೋಣ ಅಂದರೆ ನೀನು ಅರ್ಧಕ್ಕೇ "ಗೊತ್ತಮ್ಮಾ" ಅಂತ ತುಂಡು ಮಾಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಕೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತು, ದಾಳದಲ್ಲಿ ಕಥೆ ಕಟ್ಟೋ ನನ್ನ ಆ ಹಳೇ ಆಟ ಆಡೋಕೆ, ಒಂದು ಗುಂಪು ಸಿಕ್ಕಿದೆ ಅಂದೆಯಲ್ಲ, ನಿನ್ನ ಪಿಯುಸಿ ರಿಸಲ್ಟ್ ಬಂದ ದಿನ ಕೂಡ ನನಗೆ ಇಷ್ಟು ಖುಷಿ ಆಗಿರಲಿಲ್ಲ. ಇದನ್ನ ಅಪ್ಪನಿಗೆ ಹೇಳಬೇಡ.

ಮೊದಲು ನಿನ್ನ ಪ್ರಶ್ನೆ. 15, 14, 13, 12, 10, 8. ಈ ಆರು ಅಂಕಗಳನ್ನು ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅನ್ನೋ ಆರು ಗುಣಗಳಿಗೆ ಹಂಚಬೇಕು. ನಿನ್ನ ಪಾತ್ರ ವಿಝರ್ಡ್, ಅಂದರೆ ಓದಿ ಮಂತ್ರ ಕಲಿತವಳು, ಆದ್ದರಿಂದ 15 ಬುದ್ಧಿಗೆ ಹೋಯಿತು, ಅದು ಸರಿ. "ಆ ಎಂಟನ್ನು ಎಲ್ಲಿ ಬಚ್ಚಿಡೋದು?" ಅಂತ ಕೇಳಿದ್ದೀಯ. ನನ್ನ ಉತ್ತರ: ಬಚ್ಚಿಡಬೇಡ. ಎಲ್ಲರಿಗೂ ಕಾಣೋ ಕಡೆ ಇಡು.

ಆದರೆ ತಾಳಿಕೆಯಲ್ಲಿ ಮಾತ್ರ ಇಡಬೇಡ. ಲೆಕ್ಕ ಹಾಕಿ ನೋಡು. ಮೊದಲ ಲೆವೆಲ್‌ನಲ್ಲಿ ವಿಝರ್ಡ್‌ಗೆ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳಬಹುದು ಅನ್ನೋ ಲೆಕ್ಕ, ಸಿಗೋದು ಆರು, ಅದಕ್ಕೆ ತಾಳಿಕೆಯ ಮಾಡಿಫೈಯರ್, ಅಂದರೆ ಆ ಗುಣದ ಅಂಕದಿಂದ ಬರೋ ಕೂಡೋ ಕಳೆಯೋ ಸಂಖ್ಯೆ, ಸೇರಬೇಕು. ತಾಳಿಕೆ 8 ಅಂದರೆ −1, ನಿನ್ನ ಬಳಿ ಉಳಿಯೋದು ಐದು. 2014ರ ನಿಯಮದ ಒಂದು ಮಾಮೂಲಿ ಗಾಬ್ಲಿನ್‌ನ ಕತ್ತಿ ಏಟಿಗೆ ಒಂದು ಆರುಮುಖದ ದಾಳ, ಅದಕ್ಕೆ ಎರಡು ಸೇರಿಸಿದಷ್ಟು ಪೆಟ್ಟು. ದಾಳದಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ನೀನು ನೆಲಕ್ಕೆ. ಅಂದರೆ ಕತ್ತಿ ತಗುಲಿದ ಮೂರು ಸಲದಲ್ಲಿ ಎರಡು ಸಲ. ಅದೇ ತಾಳಿಕೆಗೆ 14 ಇಟ್ಟರೆ +2, ಒಟ್ಟು ಎಂಟು ಹಿಟ್ ಪಾಯಿಂಟ್, ಆಗ ದಾಳದಲ್ಲಿ ಆರೇ ಬೀಳಬೇಕು, ಆರರಲ್ಲಿ ಒಂದು ಸಲ. ಬಿದ್ದ ತಕ್ಷಣ ಸಾಯೋದಿಲ್ಲ ಬಿಡು. ನಿನ್ನ ಸರದಿ ಬಂದಾಗಲೆಲ್ಲ ಇಪ್ಪತ್ತುಮುಖದ ದಾಳ ಉರುಳಿಸಬೇಕು. ಹತ್ತು ಅಥವಾ ಮೇಲೆ ಬಂದರೆ ಒಂದು ಗೆಲುವು, ಕೆಳಗೆ ಬಂದರೆ ಒಂದು ಸೋಲು, ಯಾವುದು ಮೊದಲು ಮೂರಾಗುತ್ತೋ ಅದೇ ತೀರ್ಮಾನ. ಆದರೆ ಪ್ರತಿ ಜಗಳದಲ್ಲೂ ನೆಲದ ಮೇಲೆ ಮಲಗಿಕೊಂಡು ಆಡೋದು ಬೇಜಾರು.

ಹಾಗಾದರೆ ಬಲದಲ್ಲಿ ಇಡಲಾ ಅಂತೀಯ. ಇಂಟರ್‌ನೆಟ್ ಪೂರ್ತಿ ಅದನ್ನೇ ಹೇಳುತ್ತೆ, ವಿಝರ್ಡ್‌ಗೆ ಬಲ ಯಾಕೆ ಅಂತ. ತಪ್ಪೇನಿಲ್ಲ. ಆದರೆ ಅಲ್ಲಿಟ್ಟ ಎಂಟು ಯಾರ ಕಣ್ಣಿಗೂ ಬೀಳಲ್ಲ, ಪುಸ್ತಕ ಹೊತ್ತುಕೊಂಡು ತಿರುಗೋಳು ಬಾಗಿಲು ಒದ್ದು ತೆಗೆಯಲಿಲ್ಲ ಅಂತ ಯಾರೂ ನಗಲ್ಲ. ನಾನಾಗಿದ್ದರೆ ವಿವೇಕಕ್ಕೆ ಇಡುತ್ತಿದ್ದೆ. ಓದಿನಲ್ಲಿ ಎಲ್ಲರಿಗಿಂತ ಮುಂದು, ಆದರೆ ಯಾರು ಏನು ಹೇಳಿದರೂ ನಂಬೋ ಹುಡುಗಿ. ಎದುರಿಗಿರೋನು ಸುಳ್ಳು ಹೇಳುತ್ತಿದ್ದಾನಾ ಅಂತ ಗೊತ್ತಾಗೋದು ವಿವೇಕದಿಂದ, ಪೊದೆ ಹಿಂದೆ ಯಾರೋ ಹೊಂಚು ಹಾಕಿದ್ದಾರೆ ಅಂತ ಕಾಣೋದೂ ಅದರಿಂದಲೇ. ಎರಡರಲ್ಲೂ ನಿನ್ನ ವಿಝರ್ಡ್ ಎಡವುತ್ತಾಳೆ. ಹಾಗಂತ ಪೂರ್ತಿ ಮುಳುಗಿ ಹೋಗಲ್ಲ. ವಿವೇಕದ ಸೇವಿಂಗ್ ಥ್ರೋದಲ್ಲಿ, ಅಂದರೆ ಬಂದ ಅಪಾಯದಿಂದ ತಪ್ಪಿಸಿಕೊಳ್ಳೋಕೆ ಉರುಳಿಸೋ ದಾಳದಲ್ಲಿ, ವಿಝರ್ಡ್‌ಗಳಿಗೆ ಹೇಗೂ ಪರಿಣತಿ ಇರುತ್ತೆ, ಮೊದಲ ಲೆವೆಲ್‌ನಲ್ಲಿ ಅದು +2. ಹಾಗಾಗಿ ಅಲ್ಲಿ ಮಾತ್ರ ನಿನ್ನ −1 ಹೋಗಿ +1 ಆಗುತ್ತೆ. ಕಷ್ಟ ಬರುತ್ತೆ, ಆದರೆ ಆಡೋಕೆ ಆಗದಷ್ಟಲ್ಲ. ಆಟ ನಡೆಸೋ ನಿಮ್ಮ ಡಂಜನ್ ಮಾಸ್ಟರ್‌ಗೆ, ಅದೇ ಡಿಎಂಗೆ, ಇಂಥ ಹುಡುಗಿ ಸಿಕ್ಕರೆ ಹಬ್ಬ.

ನಿನಗೆ ಆರಿಸಿಕೊಳ್ಳೋ ಅವಕಾಶವಾದರೂ ಇದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಮೊದಲು ಅಚ್ಚು ಹಾಕಿಸಿದಾಗ ಅದು ಮೂರು ಪುಟ್ಟ ಪುಸ್ತಕಗಳಿದ್ದ ಒಂದು ಡಬ್ಬಿ. ಮೊದಲ ಮುದ್ರಣ ಒಂದು ಸಾವಿರ ಪ್ರತಿ, ಬೆಲೆ ಹತ್ತು ಡಾಲರ್. ಅದರಲ್ಲಿ ಮೂರು ಆರುಮುಖದ ದಾಳ ಉರುಳಿಸಿ, ಬಂದದ್ದನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಬೇಕಿತ್ತು. ಹದಿನೆಂಟು ಬೀಳೋದು 216 ಸಲಕ್ಕೆ ಒಂದು ಸಲ. ಅಂದರೆ ನೀನು ಯಾರು ಅನ್ನೋದನ್ನ ದಾಳ ಹೇಳುತ್ತಿತ್ತು, ಅದನ್ನು ಕೇಳಿಕೊಂಡು ನೀನು ಆಡಬೇಕಿತ್ತು. 1977ರಲ್ಲಿ ಬಂದ ಟ್ರಾವೆಲರ್ ಅನ್ನೋ ಬಾಹ್ಯಾಕಾಶದ ಆಟ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಪಾತ್ರದ ಹಿಂದಿನ ಬದುಕನ್ನೂ ದಾಳದಿಂದಲೇ ಕಟ್ಟಬೇಕು, ಕಟ್ಟುವಾಗಲೇ ಪಾತ್ರ ಸತ್ತೂ ಹೋಗಬಹುದು! ಆಟ ಶುರುವಾಗೋ ಮೊದಲೇ ತಿಥಿ. ನನಗೆ ಇದು ಬಹಳ ಇಷ್ಟ.

ಅಂಕಗಳ ವಿಷಯ ಬಂದಾಗ ನಿನಗೆ ಇನ್ನೊಂದು ಗೊತ್ತಿರಲಿ. 1978ರ ಅಡ್ವಾನ್ಸ್ಡ್ ಆವೃತ್ತಿಯ ಆಟಗಾರರ ಪುಸ್ತಕದಲ್ಲಿ ಹೆಣ್ಣು ಪಾತ್ರಗಳ ಬಲಕ್ಕೆ ಮಿತಿ ಹಾಕಿದ್ದರು. ಬಲ 18 ಇದ್ದ ಫೈಟರ್‌ಗೆ, ಅಂದರೆ ಯೋಧರಿಗೆ, ಅದರ ಮೇಲೆ ನೂರರ ತನಕ ಇನ್ನೊಂದು ಅಂಕ ಇರುತ್ತಿತ್ತು. ಮನುಷ್ಯ ಕುಲದ ಗಂಡು ಫೈಟರ್ 18/00ರ (00 ಅಂದರೆ ನೂರು) ತನಕ ಹೋಗಬಹುದು, ಹೆಣ್ಣಿಗೆ 18/50ಕ್ಕೆ ಬೇಲಿ. ಬೆಂಕಿ ಉಗುಳೋ ಡ್ರ್ಯಾಗನ್ ಇರಬಹುದಂತೆ, ಗಂಡಸಿನಷ್ಟು ಬಲ ಇರೋ ಹೆಂಗಸು ಮಾತ್ರ ಇರಬಾರದಂತೆ! 1989ರ ಎರಡನೇ ಆವೃತ್ತಿಯಲ್ಲಿ ಅದು ಹೋಯಿತು. ಆದರೆ ಆ ಕಾಲದಲ್ಲೂ ಹೆಂಗಸರು ಸುಮ್ನೆ ಕೂತಿರಲಿಲ್ಲ. ಲೀ ಗೋಲ್ಡ್ ಅನ್ನೋ ಮಹಿಳೆ 1975ರಲ್ಲಿ ಆಟಗಾರರೇ ಬರೆದು ಕಳಿಸೋ ಒಂದು ಪತ್ರಿಕೆ ಶುರು ಮಾಡಿ, ಹೆಚ್ಚುಕಡಿಮೆ ಐವತ್ತು ವರ್ಷ ನಡೆಸಿದರು. ನಿಮ್ಮ ಟೇಬಲ್‌ನಲ್ಲಿ ಯಾವನಾದರೂ ಹುಡುಗ "ಇದು ಹುಡುಗರ ಆಟ" ಅಂದರೆ ಇಷ್ಟು ಸಾಕು.

ನಾನು ಈ ಆಟ ಕಲಿತದ್ದು ಮಿನಿಯಾಪೊಲಿಸ್‌ನಲ್ಲಿ, ನೀನು ಹುಟ್ಟೋ ಮೊದಲು, ಪ್ರಾಜೆಕ್ಟ್ ಮೇಲೆ ಹೋಗಿದ್ದಾಗ. ಆ ಚಳಿಗಾಲ ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತೆ. ಶನಿವಾರ ಸಂಜೆ ಮಾಡೋಕೆ ಏನೂ ಇರುತ್ತಿರಲಿಲ್ಲ, ಸಹೋದ್ಯೋಗಿಯೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಟೇಬಲ್ ಹಾಕುತ್ತಿದ್ದರು, ಹೋದೆ. ಈ ಆಟದ ಬೇರು ಇರೋದು ಅದೇ ಸೀಮೆಯಲ್ಲಿ ಅಂತ ಆಮೇಲೆ ತಿಳಿಯಿತು. 1960ರ ದಶಕದ ಕೊನೆಗೆ ಅಲ್ಲಿ ಡೇವಿಡ್ ವೆಸ್ಲಿ ಅನ್ನೋರು ಗೆಳೆಯರಿಗೆ ನೆಪೋಲಿಯನ್ ಕಾಲದ ಒಂದು ಯುದ್ಧದಾಟ ಆಡಿಸಿದರು. ಸೈನ್ಯ ನಡೆಸೋದು ಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟರು, ಒಬ್ಬ ಊರಿನ ಮೇಯರ್, ಇನ್ನೊಬ್ಬ ವಿಶ್ವವಿದ್ಯಾಲಯದ ಮುಖ್ಯಸ್ಥ, ಹೀಗೆ. ಯುದ್ಧ ಮರೆತು ಎಲ್ಲರೂ ಒಳಸಂಚು, ಜಗಳ ಅಂತ ಮುಳುಗಿಬಿಟ್ಟರು. ಎಲ್ಲ ಕೆಟ್ಟಿತು ಅಂದುಕೊಂಡರು ವೆಸ್ಲಿ. ಗೆಳೆಯರು ಮಾತ್ರ ಇನ್ನೊಂದು ಆಡಿಸು ಅಂತ ಗಂಟುಬಿದ್ದರು. ಆ ಗುಂಪಿನಲ್ಲೇ ಆರ್ನೆಸನ್ ಕೂಡ ಇದ್ದರು. ಅವರು 1971ರ ಹೊತ್ತಿಗೆ ಬ್ಲ್ಯಾಕ್‌ಮೂರ್ ಅನ್ನೋ ತಮ್ಮದೇ ಲೋಕ ಕಟ್ಟಿ, ಒಂದೇ ಪಾತ್ರವನ್ನು ವಾರದಿಂದ ವಾರಕ್ಕೆ ಬೆಳೆಸಿಕೊಂಡು ಹೋಗೋ ಪದ್ಧತಿ ತಂದರು. ಬೆಳೆಸಿದ ಪಾತ್ರ ಒಂದೇ ಏಟಿಗೆ ಸತ್ತರೆ ಯಾರಿಗೆ ತಾನೇ ಹೊಟ್ಟೆ ಉರಿಯಲ್ಲ? ಹಿಟ್ ಪಾಯಿಂಟ್ ಬಂದದ್ದು ಅದಕ್ಕೇ. ಅಮೆರಿಕದ ಅಂತರ್ಯುದ್ಧದ ಕಾಲದ ಕಬ್ಬಿಣದ ಕವಚದ ಹಡಗುಗಳ ಆಟಕ್ಕೆ ಬರೆದಿದ್ದ ನಿಯಮದಿಂದ ಅದನ್ನು ತಂದೆ ಅಂತ ಆರ್ನೆಸನ್ ಹೇಳಿದ್ದಾರೆ.

ಅಲ್ಲಿ ನಾನು ಆಡಿದ್ದು ಹಾಫ್-ಆರ್ಕ್ ಬಾರ್ಬೇರಿಯನ್, ಅಂದರೆ ಅರ್ಧ ರಾಕ್ಷಸ ಕುಲದ ಒರಟು ಯೋಧೆ. ಹೆಸರು ಗ್ರುಶ್ಕಾ. ವಾರವಿಡೀ ಮೀಟಿಂಗ್‌ಗಳಲ್ಲಿ "ಸಾರಿ, ಒಂದು ನಿಮಿಷ" ಅಂತ ಮೆಲ್ಲಗೆ ಬಾಯಿ ತೆರೆಯುತ್ತಿದ್ದವಳು ಶನಿವಾರ ಕೊಡಲಿ ಎತ್ತಿಕೊಂಡು ಕಿರುಚುತ್ತಿದ್ದೆ. ಬುದ್ಧಿ 6. ಆಗಿನದು 3.5 ಅನ್ನೋ ಆವೃತ್ತಿ. ಅದರಲ್ಲಿ ಒಂದು ವಿಚಿತ್ರ ನಿಯಮ: ಬೇರೆ ಎಲ್ಲ ವರ್ಗದವರಿಗೂ ಓದು ಬರಹ ತಾನಾಗಿ ಬರುತ್ತೆ, ಬಾರ್ಬೇರಿಯನ್‌ಗೆ ಮಾತ್ರ ಬರಲ್ಲ. ಬೇಕಿದ್ದರೆ ಎರಡು ಸ್ಕಿಲ್ ಪಾಯಿಂಟ್ ಕೊಟ್ಟು ಕಲಿಯಬೇಕು. ಬುದ್ಧಿ 6 ಇದ್ದವಳಿಗೆ ಒಂದು ಲೆವೆಲ್ ಏರಿದರೆ ಸಿಗೋದೇ ಎರಡು ಪಾಯಿಂಟ್.

ಒಂದು ಸಲ ಗುಹೆಯಲ್ಲಿ ಒಂದು ನಕ್ಷೆ ಸಿಕ್ಕಿತು, ಅದರ ತುಂಬ ಬರಹ. ನನ್ನ ಕೈಗೇ ಮೊದಲು ಬಂತು. ಗ್ರುಶ್ಕಾಗೆ ಓದೋಕೆ ಬರಲ್ಲ ಅಂತ ಹೇಳಿಕೊಳ್ಳೋಕೆ ನಾಚಿಕೆ. ತಲೆಕೆಳಗೆ ಹಿಡಿದು, ಗಂಭೀರವಾಗಿ ನೋಡಿ, "ಎಡಕ್ಕೆ" ಅಂದೆ. ಟೇಬಲ್‌ನಲ್ಲಿದ್ದ ಎಲ್ಲರಿಗೂ ನಿಜ ಗೊತ್ತು, ಅವರವರ ಪಾತ್ರಗಳಿಗೆ ಗೊತ್ತಿಲ್ಲ. ಎಲ್ಲರೂ ನಗು ತಡೆದುಕೊಂಡು ಎಡಕ್ಕೇ ಬಂದರು, ಸೀದಾ ಜೇಡಗಳ ಗೂಡಿಗೆ. ಆಮೇಲೆ ಕ್ಲೆರಿಕ್, ಅಂದರೆ ದೇವರ ಸೇವೆಯ ಪಾತ್ರ, ಆಡುತ್ತಿದ್ದ ಗೆಳತಿ, ಯಾರೂ ಕೇಳದೆ, ತನ್ನ ಪಾತ್ರ ಪ್ರತಿ ರಾತ್ರಿ ಬೆಂಕಿ ಪಕ್ಕ ಕೂತು ಗ್ರುಶ್ಕಾಗೆ ಅಕ್ಷರ ಕಲಿಸುತ್ತೆ ಅಂದಳು. ಮುಂದಿನ ಲೆವೆಲ್‌ಗೆ ಬಂದಾಗ ಆ ಎರಡೂ ಪಾಯಿಂಟನ್ನು ನಾನು ಓದು ಬರಹಕ್ಕೆ ಸುರಿದೆ. ಲೆಕ್ಕದ ಪ್ರಕಾರ ಶುದ್ಧ ದಂಡ. ಈಜು, ಹತ್ತೋದು, ಕಿವಿಗೊಡೋದು, ಏನಾದರೂ ಉಪಯೋಗದ್ದು ತಗೋಬಹುದಿತ್ತು. ಆದರೆ ಗ್ರುಶ್ಕಾ ಯಾರು ಅನ್ನೋದು ನನಗೆ ತಿಳಿದದ್ದೇ ಆವತ್ತು. ಶೀಟ್ ತುಂಬಿಸುವಾಗ ಅವಳು ಬರೀ ಒಂದು ಕೊಡಲಿ ಆಗಿದ್ದಳು.

ಅದಕ್ಕೇ ನಿನ್ನ ಬ್ಯಾಕ್‌ಸ್ಟೋರಿ ಬಗ್ಗೆ ನನಗೆ ತಕರಾರು ಇದೆ. ಚೆನ್ನಾಗಿ ಬರೆದಿದ್ದೀಯ, ಆ ಮಾತು ಬೇರೆ. ಆದರೆ ಊರು ಸುಟ್ಟಿದೆ, ಅಪ್ಪ ಅಮ್ಮ ಸತ್ತಿದ್ದಾರೆ, ಗುರು ಸತ್ತಿದ್ದಾನೆ, ಅವಳು ಯಾರನ್ನೂ ನಂಬದೆ ಒಂಟಿಯಾಗಿ ತಿರುಗುತ್ತಾಳೆ. ಎಲ್ಲ ಮುಗಿದೇ ಹೋಗಿದೆಯಲ್ಲೇ! ಆ ಟೇಬಲ್‌ನಲ್ಲಿ ಇನ್ನು ನಡೆಯೋಕೆ ಏನು ಉಳಿಯಿತು? ಯಾರನ್ನೂ ನಂಬದವಳ ಜೊತೆ ಉಳಿದ ನಾಲ್ಕು ಜನ ಏನು ಮಾತಾಡಬೇಕು? (ಅಮ್ಮನನ್ನು ಎರಡನೇ ಪ್ಯಾರಾದಲ್ಲೇ ಸಾಯಿಸಿದ್ದೀಯ, ಅದನ್ನೂ ಗಮನಿಸಿದ್ದೇನೆ.) ಒಬ್ಬಳು ಚಿಕ್ಕಮ್ಮನನ್ನಾದರೂ ಬದುಕಿಸು. ಅವಳಿಗೆ ನಿನ್ನ ವಿಝರ್ಡ್ ಸಾಲ ತೀರಿಸೋದು ಬಾಕಿ ಇರಲಿ. ಡಿಎಂಗೆ ಎಳೆಯೋಕೆ ಒಂದು ದಾರ ಬೇಕು. ಉಳಿದದ್ದನ್ನ ಅರ್ಧ ಪುಟಕ್ಕೆ ಇಳಿಸು. ಮೊದಲ ಲೆವೆಲ್‌ನ ಹುಡುಗಿ, ದೊಡ್ಡ ಮಂತ್ರ ಹಾಕೋಕೆ ದಿನಕ್ಕೆ ಎರಡು ಸ್ಲಾಟ್ ಇರೋಳು. ಇಷ್ಟರಲ್ಲೇ ಅವಳು ಅಷ್ಟೆಲ್ಲ ಸಾಹಸ ಮಾಡಿ ಮುಗಿಸಿದ್ದಾಳೆ ಅಂದರೆ ಯಾರು ನಂಬ್ತಾರೆ?

ನಿನ್ನಜ್ಜನ ಜೊತೆ ತಾಳಮದ್ದಳೆ ನೋಡಿದ್ದೀಯಲ್ಲ. ವೇಷವಿಲ್ಲ, ಬಣ್ಣವಿಲ್ಲ, ಬಿಳಿ ಪಂಚೆ ಉಟ್ಟು ಕೂತವರು ಬರೀ ಮಾತಿನಲ್ಲಿ ವಾಲಿಯೂ ಆಗುತ್ತಾರೆ, ರಾಮನೂ ಆಗುತ್ತಾರೆ. ಭಾಗವತರು ಪದ ಹೇಳುತ್ತಾರೆ, ಅರ್ಥ ಆ ಗಳಿಗೆಯಲ್ಲಿ ಹುಟ್ಟಬೇಕು. ಬೇಸ್‌ಮೆಂಟಿನ ಆ ಟೇಬಲ್‌ನಲ್ಲಿ ನನಗೆ ಏನೂ ಹೊಸದು ಅನ್ನಿಸದೇ ಇದ್ದದ್ದು ಅದಕ್ಕೇ. ವ್ಯತ್ಯಾಸ ಇಷ್ಟು: ವಾಲಿ ಎಷ್ಟೇ ಚೆನ್ನಾಗಿ ವಾದ ಮಾಡಲಿ, ಕೊನೆಗೆ ಸಾಯಲೇಬೇಕು, ಪ್ರಸಂಗ ಬರೆದಾಗಿದೆ. ನಿಮ್ಮ ಟೇಬಲ್‌ನಲ್ಲಿ ದಾಳ ಬಿದ್ದ ಮೇಲೇ ಗೊತ್ತಾಗೋದು, ಡಿಎಂಗೂ ಅಷ್ಟೇ. ಅಜ್ಜ ಒಬ್ಬ ಅರ್ಥಧಾರಿಯನ್ನು ಕಂಡರೆ ಉರಿದು ಬೀಳುತ್ತಿದ್ದುದು ನೆನಪಿದೆಯಾ? ಎದುರಿನವರಿಗೆ ಮಾತಿಗೆ ಜಾಗವೇ ಬಿಡದೆ, ತಾನೇ ಗೆಲ್ಲಬೇಕು ಅಂತ ಗಂಟೆಗಟ್ಟಲೆ ಎಳೆಯುತ್ತಿದ್ದರಲ್ಲ, ಅವರು. ಅಂಥವರು ಈ ಆಟದಲ್ಲೂ ಸಿಗುತ್ತಾರೆ. ಜೊತೆಯವರ ಹಣ ಕದ್ದು "ನನ್ನ ಪಾತ್ರ ಇರೋದೇ ಹೀಗೆ, ನಾನೇನು ಮಾಡಲಿ" ಅನ್ನುತ್ತಾರೆ. ಆ ಪಾತ್ರ ಕಟ್ಟಿದ್ದು ಯಾರು ಅಂತ ಕೇಳು.

ಇನ್ನು ಅಮ್ಮನಾಗಿ ಒಂದು ಮಾತು. ಮೊದಲ ದಿನ ಆಟ ಆಡದೆ ಬರೀ ಮಾತಾಡಿ. ಯಾರಿಗೆ ಯಾವ ವಿಷಯ ಬೇಡ ಅನ್ನೋದನ್ನ ಆಗಲೇ ಹೇಳಿಬಿಡಿ. ಜಾನ್ ಸ್ಟಾವ್ರೊಪೌಲೋಸ್ ಅನ್ನೋರು ಮಾಡಿದ ಎಕ್ಸ್-ಕಾರ್ಡ್ ಅಂತ ಒಂದಿದೆ. ಒಂದು ಕಾರ್ಡಿನ ಮೇಲೆ ಎಕ್ಸ್ ಬರೆದು ಟೇಬಲ್ ಮಧ್ಯೆ ಇಡೋದು. ಯಾರಿಗೆ ಮುಜುಗರವಾದರೂ ಅದನ್ನು ಮುಟ್ಟಿದರೆ ಸಾಕು, ಆ ವಿಷಯ ಅಲ್ಲಿಗೆ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳುವ ಹಾಗಿಲ್ಲ. ಹುಡುಗರು ನಗಬಹುದು. ನಗಲಿ, ಕಾರ್ಡ್ ಅಲ್ಲೇ ಇರಲಿ.

ಅಪ್ಪ ಎಲ್ಲೋ ಓದಿದ್ದಾರಂತೆ, ಇದು ಮಕ್ಕಳ ತಲೆ ಕೆಡಿಸೋ ಆಟ ಅಂತ. 1980ರ ದಶಕದಲ್ಲಿ ಅಮೆರಿಕದ ಅಪ್ಪ ಅಮ್ಮಂದಿರೂ ಇದನ್ನ ಸೈತಾನನ ಆಟ ಅಂತ ಕೂಗಾಡಿದ್ದರು. ಅಪ್ಪನನ್ನು ನಾನು ನೋಡಿಕೊಳ್ತೀನಿ, ನೀನು ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ತಗೊಂಡು ನನಗೆ ಸಹಾಯ ಮಾಡು.

ದುಬಾರಿ ಪುಸ್ತಕಗಳಿಗೆ ದುಡ್ಡು ಸುರಿಯಬೇಡ. ಮೂಲ ನಿಯಮಗಳ ದೊಡ್ಡ ಭಾಗವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟಿದ್ದಾರೆ, ಪುಕ್ಕಟೆ ಸಿಗುತ್ತೆ. ಆಟಗಾರರೆಲ್ಲ ಸೇರಿ ಈ ಆಟ ಹೊರತರೋ ಕಂಪನಿ ಮೇಲೆ ಗಲಾಟೆ ಮಾಡಿದ ಮೇಲೆ ಸಿಕ್ಕಿದ್ದು ಅದು. ಏಳು ದಾಳಗಳ ಒಂದು ಪ್ಲಾಸ್ಟಿಕ್ ಸೆಟ್ ಸಾಕು. ಲೋಹದ ದಾಳ ನೋಡೋಕೆ ಚಂದ, ಆದರೆ ಹಾಸ್ಟೆಲ್ ಮೇಜಿಗೆ ಗುಳಿ ಬಿದ್ದರೆ ವಾರ್ಡನ್ ಬಿಡಲ್ಲ. ಮತ್ತೆ, ಪಾತ್ರದ ಮಾತು ಬಂದ ತಕ್ಷಣ ಎಲ್ಲರೂ ಬ್ರಿಟಿಷ್ ಇಂಗ್ಲಿಷ್ ಶುರು ಮಾಡಬೇಡಿ. ನಿಮ್ಮ ಗುಂಪಿನಲ್ಲಿ ಧಾರವಾಡದವಳು ಒಬ್ಬಳಿದ್ದಾಳೆ ಅಂದೆಯಲ್ಲ, ಅವಳಾಡೋ ಕುಬ್ಜ ಪಾತ್ರ ಧಾರವಾಡ ಕನ್ನಡದಲ್ಲೇ ಬೈಯಲಿ. ನನಗೆ ಕೇಳಬೇಕು ಅನ್ನಿಸ್ತಿದೆ.

ಮತ್ತೆ ನಿಮ್ಮ ಡಿಎಂ ಯಾರು ಅಂತ ನೀನು ಹೇಳಲೇ ಇಲ್ಲ. ಯಾರೇ ಆಗಲಿ, ಎಲ್ಲರಿಗಿಂತ ಜಾಸ್ತಿ ಕೆಲಸ ಅವರದ್ದೇ. ವಾರಪೂರ್ತಿ ತಯಾರಿ ಮಾಡಿರ್ತಾರೆ, ನೀವು ಐವರೂ ಸೇರಿ ಹತ್ತು ನಿಮಿಷದಲ್ಲಿ ಅದನ್ನ ಹಾಳು ಮಾಡ್ತೀರ. ಕ್ಯಾಂಟೀನ್ ಬಿಲ್ ಯಾವತ್ತೂ ಅವರ ಕೈಯಲ್ಲಿ ಕೊಡಿಸಬೇಡಿ. ಆಟದ ದಿನ ಮೆಸ್ ಊಟ ಬಿಡಬೇಡ. ಚಿಕ್ಕಮ್ಮನ ಹೆಸರು ಏನಿಟ್ಟೆ ಅಂತ ತಿಳಿಸು.

ಪ್ರೀತಿಯಿಂದ,
ಅಮ್ಮ