ಎದುರಿನವರ ಸಾಕ್ಷಿ: ತಮ್ಮನ ಮಗಳಿಗೆ ಒಂದು ಪತ್ರ

ಸೋಮವಾರಪೇಟೆ

ಪ್ರೀತಿಯ ಕಾವ್ಯಾ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕಾಲೇಜಿನ ಎನ್‌ಸಿಸಿ ಕಾರ್ಯಕ್ರಮಕ್ಕೆ ಅಂತ ನೀನು ಬರೆದ ಭಾಷಣ ತಲುಪಿತು. ಎರಡು ಸಲ ಓದಿದೆ, ಚೆನ್ನಾಗಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರನ್ನು ಆರಿಸಿಕೊಂಡಿದ್ದು ನನಗೆ ತುಂಬಾ ಖುಷಿ. ಮಡಿಕೇರಿಯಲ್ಲಿ ಅವರ ಹೆಸರಿನ ಸರ್ಕಲ್ ಇದೆ. ದಿನವೂ ಅದನ್ನು ದಾಟಿ ಹೋಗುವ ಎಷ್ಟೋ ಮಕ್ಕಳಿಗೆ ಆ ಮನುಷ್ಯ ಏನು ಮಾಡಿದರು ಅಂತ ಗೊತ್ತಿಲ್ಲ.

ಆದರೆ ಒಂದು ಪ್ಯಾರಾವನ್ನು ನೀನೇ ಬರೆದು ನೀನೇ ಗೆರೆ ಹೊಡೆದಿದ್ದೀಯ. ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ಬಗ್ಗೆ ಬರೆದದ್ದು. ಪಕ್ಕದಲ್ಲಿ 'ಫ್ರೆಂಡ್ಸ್ ಬೇಡ ಅಂದರು, ನಮ್ಮ ವೀರನ ಭಾಷಣದಲ್ಲಿ ಶತ್ರುವಿನ ಹೆಸರು ಯಾಕೆ ಅಂದರು' ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೀಯ. ಈ ಪತ್ರ ಅದರ ಬಗ್ಗೆಯೇ. ಆ ಪ್ಯಾರಾ ತೆಗೆಯಬೇಡ ಮಗಳೇ. ತೆಗೆದರೆ ದೇವಯ್ಯನವರ ಕಥೆಗೆ ಆಧಾರವೇ ಇರುವುದಿಲ್ಲ.

1965ರ ಭಾರತ-ಪಾಕಿಸ್ತಾನ ಯುದ್ಧ. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್‌ನ ಮಿಸ್ಟೇರ್ ಯುದ್ಧವಿಮಾನಗಳು ಸರಗೋಧಾ ಕಡೆ ಹೊರಟವು. ಸರಗೋಧಾ ಅಂದರೆ ಪಾಕಿಸ್ತಾನ ವಾಯುಪಡೆಯ ಮುಖ್ಯ ನೆಲೆ, ಅದರ ಜೀವ. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದಾಳಿಗೆ ಗೊತ್ತುಮಾಡಿದ್ದು 12 ವಿಮಾನ. ದೇವಯ್ಯ ಆ 12ರಲ್ಲಿ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಯಾರದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬಬೇಕಾದವರು. ಹುಡುಗರಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ಅನುಭವಿ ಪೈಲಟ್, ವಯಸ್ಸು 32. ಹೋದರು.

ಇಲ್ಲಿ ಒಂದು ವಿಷಯ ನಿನ್ನ ಭಾಷಣದಲ್ಲಿ ಬಿಟ್ಟುಹೋಗಿದೆ, ಸೇರಿಸು. ಮಿಸ್ಟೇರ್‌ಗೆ ಸರಗೋಧಾ ಅಂದರೆ ಇಂಧನದ ಕೊನೆಯ ಅಂಚು. ಹೋಗಿ ದಾಳಿ ಮಾಡಿ ನೇರವಾಗಿ ವಾಪಸ್ ಬರಬೇಕು, ಅಷ್ಟೇ. ದಾರಿಯಲ್ಲಿ ಕಾಳಗಕ್ಕೆ ನಿಂತರೆ ಊರು ಮುಟ್ಟುವುದು ಅನುಮಾನ. ಎದುರಿಗೆ ಬಂದಿದ್ದು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ. ಅಮೆರಿಕದವರು ಕೊಟ್ಟಿದ್ದು, ಶಬ್ದದ ಎರಡರಷ್ಟು ವೇಗದ್ದು. ನಮ್ಮ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಿಂದಿನಿಂದ ಬಂದು ದೇವಯ್ಯನವರ ವಿಮಾನಕ್ಕೆ ಹೊಡೆದರು. ಏಟು ಬಿದ್ದ ಮೇಲೂ ದೇವಯ್ಯ ಓಡಲಿಲ್ಲ, ತಿರುಗಿ ನಿಂತರು. ನೆಲಕ್ಕೆ ಹತ್ತಿರದಲ್ಲಿ, ಸುತ್ತು ಹೊಡೆಯುವ ಕಾಳಗದಲ್ಲಿ, ಸ್ಟಾರ್‌ಫೈಟರ್‌ನ ವೇಗ ಕೆಲಸಕ್ಕೆ ಬರಲಿಲ್ಲ. ದೇವಯ್ಯನವರ ಗುಂಡು ತಾಗಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದರು. ದೇವಯ್ಯ ಬದುಕಲಿಲ್ಲ.

ಈಗ ಯೋಚನೆ ಮಾಡು, ಇದನ್ನು ಯಾರು ನೋಡಿದರು? ನಮ್ಮವರು ಒಬ್ಬರೂ ನೋಡಲಿಲ್ಲ. ಉಳಿದವರು ಆದಂಪುರಕ್ಕೆ ಬಂದಿಳಿದಾಗ ದೇವಯ್ಯ ಇರಲಿಲ್ಲ. ಕಾಣೆಯಾದವರು ಅಂತ ಬರೆದುಕೊಂಡರು. ಅವರ ಹೆಂಡತಿಗೆ ಸಿಕ್ಕಿದ್ದು ಅಷ್ಟೇ ಸುದ್ದಿ. ಹೇಗೆ ಬಿದ್ದರು, ಬೀಳುವ ಮೊದಲು ಏನು ಮಾಡಿದರು, ಏನೂ ಗೊತ್ತಿಲ್ಲ. ವರ್ಷಗಳೇ ಹೋದವು.

1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕರ ಪುಸ್ತಕ ಬಂತು. ಪಾಕಿಸ್ತಾನ ವಾಯುಪಡೆಯ ನೆರವು ಪಡೆದು, ಅವರ ಕಡೆಯಿಂದಲೇ ಬರೆದ ಪುಸ್ತಕ. ಅದರಲ್ಲಿ ಒಂದು ಮಾತು ಇತ್ತು: ಆ ದಿನ ಒಂದು ಮಿಸ್ಟೇರ್ ಪಾಕಿಸ್ತಾನದ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಕೆಡವಿತು ಅಂತ. ತನೇಜಾ ಅವರ ಲೆಕ್ಕ ಸರಳವಾಗಿತ್ತು. ವಾಪಸ್ ಬಂದ ಯಾರೂ ಸ್ಟಾರ್‌ಫೈಟರ್ ಜೊತೆ ಕಾದಾಡಿಲ್ಲ. ಅಂದಮೇಲೆ ಕಾದಾಡಿದವರು ವಾಪಸ್ ಬಾರದ ಆ ಒಬ್ಬರೇ. ಆಮೇಲೆ ಪತ್ರ ಬರೆದು, ದಾಖಲೆ ಹುಡುಕಿ, ಹಿಂದೆ ಬಿದ್ದು ಕೆಲಸ ಮಾಡಿದರು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ದೇವಯ್ಯ ಅವರಿಗೆ ನಮ್ಮ ಎರಡನೇ ಅತಿ ದೊಡ್ಡ ಯುದ್ಧಶೌರ್ಯ ಪದಕವಾದ ಮಹಾವೀರ ಚಕ್ರ ಬಂತು.

ನೋಡಿದೆಯಾ? ಅವರ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಅವರನ್ನು ಹೊಡೆದ ಕಡೆಯವರು. ತಮ್ಮ ಅತಿ ಬೆಲೆಯ ವಿಮಾನ ಒಂದು ಹಳೆಯ ಮಿಸ್ಟೇರ್ ಕೈಲಿ ಹೋಯಿತು ಅಂತ ಒಪ್ಪಿಕೊಳ್ಳುವುದು ಯಾವ ವಾಯುಪಡೆಗೂ ಸುಲಭ ಅಲ್ಲ. ಒಪ್ಪಿಕೊಂಡರು. ಆ ಒಂದು ಮಾತು ಇಲ್ಲದಿದ್ದರೆ ಇವತ್ತು ಮಡಿಕೇರಿಯಲ್ಲಿ ಆ ಸರ್ಕಲ್ ಇರುತ್ತಿರಲಿಲ್ಲ, ನಿನ್ನ ಭಾಷಣವೂ ಇರುತ್ತಿರಲಿಲ್ಲ. ಹೀಗಿರುವಾಗ ಅಮ್ಜದ್ ಹುಸೇನ್ ಹೆಸರನ್ನು ಅಳಿಸಿ ಹಾಕುವುದು ಸರಿಯಾ?

ಇನ್ನೊಂದು ವಿಷಯ. ಅದೇ ಸೆಪ್ಟೆಂಬರ್ 7 ಪಾಕಿಸ್ತಾನದಲ್ಲಿ ವಾಯುಪಡೆಯ ದಿನ. ಅದೇ ಸರಗೋಧಾದ ಆಕಾಶದಲ್ಲಿ ಅವರ ಎಂ.ಎಂ. ಆಲಂ ನಮ್ಮ ಐದು ಹಂಟರ್ ವಿಮಾನಗಳನ್ನು ಕೆಡವಿದರು ಅಂತ ಅಲ್ಲಿನ ಮಕ್ಕಳು ಓದುತ್ತಾರೆ. ನಮ್ಮ ಕಡೆಯ ದಾಖಲೆ ಆ ಐದನ್ನು ಒಪ್ಪುವುದಿಲ್ಲ. ಎರಡೂ ಕಡೆಯ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದನ್ನು ಕಲಿ. ಎದುರಿನವರು ತಮ್ಮ ಗೆಲುವಿನ ಬಗ್ಗೆ ಹೇಳಿದ್ದನ್ನು ಪರೀಕ್ಷೆ ಮಾಡು. ನಮ್ಮವರು ನಮ್ಮ ಗೆಲುವಿನ ಬಗ್ಗೆ ಹೇಳಿದ್ದನ್ನೂ ಹಾಗೇ ಪರೀಕ್ಷೆ ಮಾಡು. ಆದರೆ ಒಬ್ಬ ಸೈನಿಕ ತನ್ನ ಎದುರಾಳಿಯನ್ನು ಹೊಗಳಿದರೆ ಆ ಮಾತಿಗೆ ತೂಕ ಜಾಸ್ತಿ. ಹಾಗೆ ಹೇಳಿ ಅವನಿಗೆ ಆಗುವ ಲಾಭ ಏನೂ ಇಲ್ಲ.

ಇದಕ್ಕೆ 1971ರ ಒಂದು ಬೆಳಗು ನನಗೆ ಪದೇ ಪದೇ ನೆನಪಾಗುತ್ತದೆ. ಪಾಠ ಮಾಡುವಾಗಲೂ ಇದನ್ನು ತಪ್ಪದೆ ಹೇಳುತ್ತಿದ್ದೆ. ಪಾಕಿಸ್ತಾನದ ಶಕರ್‌ಗಢ ಕಡೆ, ಬಸಂತರ್ ನದಿಯ ಆಚೆ, ಜರ್ಪಾಲ್ ಅಂತ ಒಂದು ಹಳ್ಳಿ. ನಮ್ಮ 3 ಗ್ರೆನೇಡಿಯರ್ಸ್ ಪಡೆ ಅದನ್ನು ಹಿಡಿದಿತ್ತು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗಿ ಆಗಿತ್ತು. ಪಶ್ಚಿಮದಲ್ಲಿ 17ರ ರಾತ್ರಿ 8 ಗಂಟೆಗೆ ಕದನವಿರಾಮ. ಯುದ್ಧ ಮುಗಿಯಲು ಕೆಲವೇ ಗಂಟೆ. ಆ 17ರ ಬೆಳಗ್ಗೆ ಅವರ 35 ಫ್ರಂಟಿಯರ್ ಫೋರ್ಸ್ ಜರ್ಪಾಲ್ ಮೇಲೆ ದಾಳಿ ಮಾಡಿತು. ಮುಂದೆ ನಡೆದು ಬಂದವರು ಆ ಪಡೆಯ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಮುಹಮ್ಮದ್ ಅಕ್ರಂ ರಾಜಾ.

ನಮ್ಮ ಕಡೆ ಮೇಜರ್ ಹೋಶಿಯಾರ್ ಸಿಂಗ್. ಮೈತುಂಬ ಗಾಯ. ಆದರೂ ಕಂದಕದಿಂದ ಕಂದಕಕ್ಕೆ ಹೋಗಿ ಹುಡುಗರಿಗೆ ಧೈರ್ಯ ಹೇಳುತ್ತಿದ್ದರು. ಮಷೀನ್ ಗನ್ ನಡೆಸುತ್ತಿದ್ದವರು ಬಿದ್ದಾಗ ತಾವೇ ಹೋಗಿ ಅದನ್ನು ಹಿಡಿದರು. ಕದನವಿರಾಮ ಆಗುವವರೆಗೂ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಅವರಿಗೆ ಪರಮವೀರ ಚಕ್ರ ಬಂತು. ಆ ಪ್ರಶಸ್ತಿಯ ಬರಹದಲ್ಲೇ ಇದೆ: ಶತ್ರು 85 ಹೆಣ ಬಿಟ್ಟು ಹೋದ, ಅದರಲ್ಲಿ ಅವರ ಕಮಾಂಡಿಂಗ್ ಆಫೀಸರ್ ಮತ್ತು ಇನ್ನೂ ಮೂವರು ಅಧಿಕಾರಿಗಳು ಅಂತ. ಆ ಕಮಾಂಡಿಂಗ್ ಆಫೀಸರೇ ಅಕ್ರಂ ರಾಜಾ.

3 ಗ್ರೆನೇಡಿಯರ್ಸ್‌ನ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ವಿ.ಪಿ. ಐರಿ. ಅವರೂ ಮಹಾವೀರ ಚಕ್ರ ಪಡೆದವರು. ಅಕ್ರಂ ರಾಜಾ ಎಷ್ಟು ಧೈರ್ಯದಿಂದ ಮುಂದೆ ನಿಂತು ಹೋರಾಡಿದರು ಅಂತ ಐರಿ ಬರಹದಲ್ಲೇ ತಿಳಿಸಿದರು. ಪಾಕಿಸ್ತಾನ ಆಮೇಲೆ ರಾಜಾ ಅವರಿಗೆ ಹಿಲಾಲ್-ಎ-ಜುರ್ರತ್ ಕೊಟ್ಟಿತು. ಅದು ಅವರ ಎರಡನೇ ಅತಿ ದೊಡ್ಡ ಶೌರ್ಯ ಪದಕ. ಒಂದೇ ಹಳ್ಳಿ, ಒಂದೇ ಬೆಳಗು. ಒಂದು ದೇಶದ ಅತಿ ದೊಡ್ಡ ಪದಕ ಈ ಕಡೆಯವರಿಗೆ, ಇನ್ನೊಂದು ದೇಶದ ದೊಡ್ಡ ಪದಕ ಆ ಕಡೆಯವರಿಗೆ. ಆ ಎರಡನೆಯದಕ್ಕೂ ಸಾಕ್ಷಿ ನಮ್ಮವರೇ. ಐರಿ ಅವರ ಎಷ್ಟೋ ಹುಡುಗರು ಆ ಯುದ್ಧದಲ್ಲಿ ಸತ್ತಿದ್ದರು. ಆ ದುಃಖ ಎದೆಯಲ್ಲಿ ಇಟ್ಟುಕೊಂಡೇ ಬರೆದರು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ನೀನು ಆಫೀಸರ್ ಆಗಬೇಕು ಅಂತ ಆಸೆ ಪಟ್ಟವಳು. ಹಾಗಾಗಿ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ದಾಳಿಯನ್ನು ಸರಿಯಾದ ತಯಾರಿ ಇಲ್ಲದೆ ಅವಸರದಲ್ಲಿ ಮಾಡಿಸಿದರು ಅಂತ ಪಾಕಿಸ್ತಾನದ ಮಿಲಿಟರಿ ಬರಹಗಾರರೇ ಟೀಕೆ ಮಾಡಿದ್ದಾರೆ. ಮುಂದೆ ನಿಂತು ಸತ್ತ ಕಮಾಂಡರ್ ಧೀರ, ಸಂಶಯ ಇಲ್ಲ. ಆದರೆ ಅಷ್ಟು ಜನರನ್ನು ಆ ಬಯಲಿಗೆ ಕಳಿಸಿದ ಮೇಲಿನವರ ಆದೇಶ? ಪದಕದ ಹೊಳಪಿನಲ್ಲಿ ಆ ಪ್ರಶ್ನೆ ಮುಚ್ಚಿಹೋಗುತ್ತದೆ. ಎಲ್ಲ ದೇಶದಲ್ಲೂ ಹೀಗೇ. ಸತ್ತವನನ್ನು ಹೊಗಳಿದರೆ ಕಳಿಸಿದವನ ಲೆಕ್ಕ ಯಾರೂ ಕೇಳುವುದಿಲ್ಲ. ನೀನು ಕೇಳು. ನಾಳೆ ನಿನ್ನ ಕೈಕೆಳಗೆ ಹುಡುಗರು ಇರುತ್ತಾರೆ.

ಕಾರ್ಗಿಲ್ ಕಥೆ ನಿನಗೆ ಗೊತ್ತೇ ಇದೆ. 1999ರ ಜುಲೈನಲ್ಲಿ ಟೈಗರ್ ಹಿಲ್ ಮೇಲೆ ಪ್ರತಿದಾಳಿ ಮಾಡಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್. ಕರ್ನಲ್ ಅನ್ನುವುದು ಅವರ ಹೆಸರೇ. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಆ ದೇಹವನ್ನು ಬೆಟ್ಟದಿಂದ ಕೆಳಗೆ ತರಿಸಿದರು. ಈತ ಬಹಳ ಧೈರ್ಯದಿಂದ ಹೋರಾಡಿದ, ಇವನಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಅಂತ ಚೀಟಿ ಬರೆದು ಜೇಬಿನಲ್ಲಿ ಇಟ್ಟು ಕಳಿಸಿದರು. ಆಗ ಪಾಕಿಸ್ತಾನ ಸರ್ಕಾರ, ಬೆಟ್ಟದ ಮೇಲೆ ಇರುವವರು ನಮ್ಮ ಸೈನಿಕರೇ ಅಲ್ಲ ಅನ್ನುತ್ತಿತ್ತು. ಆಮೇಲೆ ಅದೇ ಕ್ಯಾಪ್ಟನ್‌ಗೆ ತಮ್ಮ ಅತಿ ದೊಡ್ಡ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. 2023ರ ಮೇ 9ರಂದು ಅಲ್ಲಿ ರಾಜಕೀಯ ಗಲಭೆ ಆದಾಗ ಮರ್ದಾನ್‌ನಲ್ಲಿದ್ದ ಅವರ ಪ್ರತಿಮೆಯನ್ನು ಅಲ್ಲಿಯ ಜನರೇ ಒಡೆದರು. ಕಾದಾಡಿದ ಶತ್ರು ಗೌರವ ಕೊಟ್ಟ, ಸ್ವಂತ ಊರಿನ ಕಡೆಯವರು ಒಡೆದರು. ಓದಿ ತುಂಬಾ ನೋವಾಯಿತು.

ನಿನ್ನ ಫ್ರೆಂಡ್ಸ್ ಕೇಳಬಹುದು: ಹಾಗಾದರೆ ಎಲ್ಲ ಕ್ಷಮಿಸಿಬಿಡಬೇಕಾ? ಇಲ್ಲ. ಅದೇ ಕಾರ್ಗಿಲ್‌ನಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಐವರು ಜವಾನರ ದೇಹಗಳು ವಾಪಸ್ ಬಂದಾಗ ಅವುಗಳ ಮೇಲೆ ಚಿತ್ರಹಿಂಸೆಯ ಗುರುತುಗಳಿದ್ದವು. ಪಾಕಿಸ್ತಾನ ಅದನ್ನು ಒಪ್ಪಿಲ್ಲ. ಕಾಲಿಯಾ ಅವರ ತಂದೆ ತಾಯಿ ವರ್ಷಗಟ್ಟಲೆ ನ್ಯಾಯ ಕೇಳಿದರು. ಶೇರ್ ಖಾನ್ ಶೌರ್ಯವನ್ನು ಒಪ್ಪಿದರೆ ಆ ಪಾಪ ಕಡಿಮೆ ಆಗುವುದಿಲ್ಲ. ಆ ಪಾಪ ನೆನೆದರೆ ಶೇರ್ ಖಾನ್ ಹೇಡಿ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಹೇಳುವ ಎದೆಗಾರಿಕೆ ಬೇಕು. ಗಡಿ ದಾಟಿ ಬಂದಿದ್ದು ತಪ್ಪು ಅನ್ನುವ ಮಾತೂ ಹಾಗೇ ನಿಲ್ಲುತ್ತದೆ.

ನಮ್ಮ ಜನಕ್ಕೆ ಇದೇನು ಹೊಸದಲ್ಲ. ಬಯಲಾಟದಲ್ಲಿ ಕರ್ಣ ಬೀಳುವಾಗ ಸುತ್ತ ಕೂತವರ ಮುಖ ನೋಡಿದ್ದೀಯಲ್ವಾ? ಗೆಲ್ಲುವವನು ಅರ್ಜುನ ಅಂತ ಎಲ್ಲರಿಗೂ ಗೊತ್ತು. ಧರ್ಮ ಯಾವ ಕಡೆ ಅಂತಲೂ ಗೊತ್ತು. ಆದರೂ ಅಳುವುದು ಕರ್ಣನಿಗೆ.

ಮುಂದಾಳತ್ವದ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ದೇವಯ್ಯ ಹೋದ ಅದೇ ತಿಂಗಳು, ಸೆಪ್ಟೆಂಬರ್ 22ಕ್ಕೆ, ಜನರಲ್ ಕೆ.ಎಂ. ಕಾರ್ಯಪ್ಪ ಅವರ ಮಗ ಹಾರಿಸುತ್ತಿದ್ದ ವಿಮಾನವನ್ನು ಪಾಕಿಸ್ತಾನದವರು ಹೊಡೆದು ಕೆಡವಿದರು. ಮಗ ಸೆರೆಯಾದರು. ಆಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್. ದೇಶ ಭಾಗ ಆಗುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ನಿಮ್ಮ ಮಗನನ್ನು ಬಿಡುತ್ತೇವೆ ಅಂತ ಹೇಳಿ ಕಳಿಸಿದರು. ಸೆರೆಯಲ್ಲಿ ಇರುವವರೆಲ್ಲ ನನ್ನ ಮಕ್ಕಳೇ, ಅವನಿಗೊಬ್ಬನಿಗೆ ವಿಶೇಷ ಬೇಡ ಅಂತ ಕಾರ್ಯಪ್ಪ ಉತ್ತರ ಕೊಟ್ಟರು. ಈ ಉತ್ತರವನ್ನು ನಾವು ಕೊಡಗಿನವರು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಆದರೆ ಆ ಪ್ರಶ್ನೆ ಬಂದಿದ್ದೂ ಗಮನಿಸು. ಶತ್ರು ದೇಶದ ಅಧ್ಯಕ್ಷ ಹಳೆಯ ಮೇಲಧಿಕಾರಿಯನ್ನು ನೆನೆದು ಹೇಳಿ ಕಳಿಸಿದರು. ಕೈಕೆಳಗಿನವರನ್ನು ಕಾರ್ಯಪ್ಪ ಹೇಗೆ ನಡೆಸಿಕೊಂಡಿರಬೇಕು ಅಂತ ಅದರಿಂದ ಗೊತ್ತಾಗುತ್ತದೆ.

ಭಾಷಣಕ್ಕೆ ಬರುತ್ತೇನೆ. ಅಮ್ಜದ್ ಹುಸೇನ್ ಪ್ಯಾರಾ ವಾಪಸ್ ಹಾಕು. ಇಂಧನದ ವಿಷಯ ಅದಕ್ಕಿಂತ ಮೊದಲು ಬರಲಿ, ಆಗ ದೇವಯ್ಯ ತಿರುಗಿ ನಿಂತಿದ್ದರ ಬೆಲೆ ಕೇಳುವವರಿಗೆ ತಿಳಿಯುತ್ತದೆ. 'ಶತ್ರುಗಳನ್ನು ಚಿಂದಿ ಉಡಾಯಿಸಿದರು' ಅಂತ ಒಂದು ಸಾಲು ಬರೆದಿದ್ದೀಯ, ಅದನ್ನು ತೆಗೆ. ಅಲ್ಲಿ ಆಗಿದ್ದು ಅದಲ್ಲ, ಒಬ್ಬ ಪೈಲಟ್ ಇನ್ನೊಬ್ಬ ಪೈಲಟ್ ಜೊತೆ ಹೋರಾಡಿದ್ದು. ತನೇಜಾ ಅವರ ಹೆಸರನ್ನೂ ಸೇರಿಸು. ಅಷ್ಟು ವರ್ಷ ಆದ ಮೇಲೂ ತನ್ನ ಪೈಲಟ್‌ಗಾಗಿ ಹಿಂದೆ ಬಿದ್ದು ಕೆಲಸ ಮಾಡಿದವರು. ಮುಂದಾಳು ಅಂದರೆ ಅದೂ ಹೌದು. ಸಭೆಯಲ್ಲಿ ಯಾರಾದರೂ ಗಲಾಟೆ ಮಾಡಿದರೆ ಹೆದರಬೇಡ, 1988ರ ಮಹಾವೀರ ಚಕ್ರ ಯಾವ ಆಧಾರದ ಮೇಲೆ ಬಂತು ಅಂತ ಸಮಾಧಾನದಿಂದ ಹೇಳು. ತಿದ್ದಿದ ಮೇಲೆ ಇನ್ನೊಂದು ಸಲ ಕಳಿಸು, ಓದುತ್ತೇನೆ. ಅಪ್ಪನಿಗೆ ಫೋನ್ ಮಾಡಲು ಹೇಳು.

ನಿನ್ನ ಪ್ರೀತಿಯ
ದೊಡ್ಡಪ್ಪ