ತಬಸ್ ಯಾವ ಪ್ರಾಂತ್ಯದ್ದು? ಮೊದಲು ಇಸವಿ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ರಸಪ್ರಶ್ನೆಯಲ್ಲಿ ಇರಾನಿನ ತಬಸ್ ಬಗ್ಗೆ ಒಂದು ಪ್ರಶ್ನೆ ಇತ್ತು. ‘ಯಜ್ದ್ ಪ್ರಾಂತ್ಯದ ಪುಟ್ಟ ನಗರ, ಪಾರಸಿ ಭಾಷೆ, ಜನಸಂಖ್ಯೆ 30 ಸಾವಿರ’ ಎಂದು ಉತ್ತರ ಕೊಟ್ಟಿದ್ದೀರಿ. 2006ರಲ್ಲಿ ಹೀಗೆ ಬರೆದಿದ್ದರೆ ಪೂರ್ತಿ ಅಂಕ. ಈಗ ಭಾಷೆಗೆ ಮಾತ್ರ ಅಂಕ ಕೊಡಬಲ್ಲೆ. ಮೇಷ್ಟ್ರಾಗಿದ್ದವನ ಚಾಳಿ, ಕ್ಷಮಿಸಿ.

ನನ್ನ ಹತ್ತಿರ ಒಂದು ಹಳೇ ಅಟ್ಲಾಸ್ ಇದೆ. ಬೈಂಡು ಕಿತ್ತುಹೋಗಿ ಟೇಪಿನ ಆಸರೆಯಲ್ಲಿ ನಿಂತಿದೆ. ಅದರಲ್ಲಿ ತಬಸ್ ಇರುವುದು ಖೊರಾಸಾನ್ ಪ್ರಾಂತ್ಯದಲ್ಲಿ. 2001ರಲ್ಲಿ ಅದನ್ನು ಯಜ್ದ್‌ಗೆ ಸೇರಿಸಿದರು. ನಾನು ಪೆನ್ಸಿಲ್‌ನಲ್ಲಿ ಗೆರೆ ತಿದ್ದಿದೆ. 2004ರಲ್ಲಿ ಖೊರಾಸಾನೇ ಮೂರು ಪಾಲಾಯಿತು. 2013ರಲ್ಲಿ ತಬಸ್ ತವರಿಗೇನೋ ವಾಪಸ್ ಬಂತು, ಆದರೆ ಬಿಟ್ಟುಹೋದ ಮನೆಯೇ ಇರಲಿಲ್ಲ. ದಕ್ಷಿಣ ಖೊರಾಸಾನ್ ಎಂಬ ಪಾಲಿಗೆ ಸೇರಿತು. ಮತ್ತೆ ರಬ್ಬರು, ಮತ್ತೆ ಪೆನ್ಸಿಲ್ಲು. ಆ ಜಾಗದಲ್ಲಿ ಈಗ ಕಾಗದ ತೂತು ಬೀಳುವಷ್ಟು ತೆಳ್ಳಗಾಗಿದೆ.

2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕಲ್ಲಿದ್ದಲು ಗಣಿ ಸ್ಫೋಟಿಸಿ 50ಕ್ಕೂ ಜಾಸ್ತಿ ಕಾರ್ಮಿಕರು ಸತ್ತಾಗ ನಿಮ್ಮ ಪತ್ರಿಕೆಯೇ ‘ದಕ್ಷಿಣ ಖೊರಾಸಾನ್’ ಎಂದು ಸರಿಯಾಗಿ ಬರೆದಿತ್ತು. ರಸಪ್ರಶ್ನೆಯವರು ಆ ಪುಟ ಓದಲಿಲ್ಲ ಅಂತ ಕಾಣುತ್ತದೆ.

ಇನ್ನು ಜನಸಂಖ್ಯೆ. 2016ರ ಗಣತಿಯಲ್ಲಿ ಊರಿನ ಲೆಕ್ಕ 40 ಸಾವಿರದ ಹತ್ತಿರ ಬಂದಿದೆ. ಆದರೆ ತಬಸ್ ಅಂದರೆ ಊರೂ ಹೌದು, ಅದೇ ಹೆಸರಿನ ‘ಶಹರೆಸ್ತಾನ್’ ಕೂಡ ಹೌದು. ಶಹರೆಸ್ತಾನ್ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅದರ ಕೆಳಗೆ ತಾಲ್ಲೂಕಿನಂಥ ಬಖ್ಶ್, ಅದರ ಕೆಳಗೆ ನಮ್ಮ ಹೋಬಳಿಯಂಥ ದೆಹೆಸ್ತಾನ್. ಬಖ್ಶ್ ನೋಡಿಕೊಳ್ಳುವವರು ಬಖ್ಶ್‌ದಾರ್, ಊರಿನ ಮೇಯರ್ ಶಹರ್‌ದಾರ್. ನಮ್ಮ ತಹಶೀಲ್ದಾರ್, ಅಮಲ್ದಾರರ ಬಾಲದಲ್ಲಿರುವ ‘ದಾರ್’ ಬಂದಿದ್ದೂ ಅದೇ ಪಾರಸಿಯಿಂದ ಅಲ್ವಾ! ತಬಸ್ ಶಹರೆಸ್ತಾನ್ ಎಷ್ಟು ದೊಡ್ಡದೆಂದರೆ, 50 ಸಾವಿರ ಚದರ ಕಿ.ಮೀ. ದಾಟುತ್ತದೆ ಎಂದು ದಾಖಲಾಗಿದೆ. ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು, ಮುಕ್ಕಾಲುಪಾಲು ಬರೀ ಮರುಭೂಮಿ. 1980ರಲ್ಲಿ ಟೆಹ್ರಾನಿನ ರಾಯಭಾರ ಕಚೇರಿಯ ಒತ್ತೆಯಾಳುಗಳನ್ನು ಬಿಡಿಸಲು ಬಂದ ಅಮೆರಿಕದ ಹೆಲಿಕಾಪ್ಟರ್‌ಗಳು ಕೈಕೊಟ್ಟಿದ್ದು ಈ ಕಡೆಯ ಮರಳಿನಲ್ಲೇ. ಹಾಗಾಗಿ ‘ತಬಸ್‌ನ ಜನಸಂಖ್ಯೆ’ ಎಂದರೆ ಊರಿನದೋ ಶಹರೆಸ್ತಾನಿನದೋ ಹೇಳಲೇಬೇಕು.

ಇಸವಿಯನ್ನಂತೂ ಬಿಡುವ ಹಾಗೇ ಇಲ್ಲ. ಇರಾನಿನಲ್ಲಿ 1976ರಲ್ಲಿ ಗಣತಿ ನಡೆಯಿತು. ಎರಡೇ ವರ್ಷ. 1978ರ ಸೆಪ್ಟೆಂಬರ್ 16ರ ಸಂಜೆ ತಬಸ್‌ನಲ್ಲಿ ಭೂಕಂಪವಾಯಿತು. ಮಣ್ಣಿನ ಹಸಿ ಇಟ್ಟಿಗೆಯ ಮನೆಗಳು, ಮೇಲೆ ಭಾರದ ಗುಮ್ಮಟದ ಮಾಡು. ಎಲ್ಲ ಕುಸಿದವು. ಊರಿನಲ್ಲಿದ್ದ ಸುಮಾರು 13 ಸಾವಿರ ಜನರಲ್ಲಿ 11 ಸಾವಿರದಷ್ಟು ಮಂದಿ ಉಳಿಯಲಿಲ್ಲ. ಗಣತಿಯವರು ಮನೆಮನೆ ಸುತ್ತಿ ಬರೆದುಕೊಂಡ ಸಂಖ್ಯೆ ಒಂದೇ ಸಂಜೆಗೆ ಹಳೆಯದಾಯಿತು. ನೀವು ಕೊಟ್ಟ 30 ಸಾವಿರ, ಆಮೇಲೆ ಮತ್ತೆ ಕಟ್ಟಿದ ಊರಿನ ಲೆಕ್ಕ. ಸುಮ್ನೆ ಒಂದು ಅಂಕಿ ಎಂದು ಹಾಕಿದರೆ ಇದ್ಯಾವುದೂ ಓದುಗರಿಗೆ ಗೊತ್ತಾಗುವುದಿಲ್ಲ.

ಅಂಕಿಯ ಪಕ್ಕ ಕಂಸದಲ್ಲಿ ‘2016, ನಗರ’ ಎಂದು ಹಾಕಿ, ಸಾಕು. ಆರೇಳು ಅಕ್ಷರದ ಜಾಗ. ಇರಾನ್ ಮುಂದಿನ ಗಣತಿಯ ಲೆಕ್ಕ ಕೊಟ್ಟಾಗ ಅದನ್ನೂ ಬದಲಿಸಬೇಕಾಗುತ್ತದೆ. ಪೆನ್ಸಿಲ್ ಬೇಕಿದ್ದರೆ ನಾನು ಕಳಿಸುತ್ತೇನೆ.

– ನಿವೃತ್ತ ಭೂಗೋಳ ಶಿಕ್ಷಕ, ಶಿವಮೊಗ್ಗ