ಸೆಕ್ಯುರಿಟಿ ಕೆಲಸಕ್ಕೆ ಹೊರಟ ಸುಹಾಸನಿಗೆ

ಚಿರಂಜೀವಿ ಸುಹಾಸನಿಗೆ ನಿನ್ನ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಮೇಲ್ ಓದಿದೆ. ಪ್ರೋಗ್ರಾಮಿಂಗ್ ಕೆಲಸದಿಂದ ಸೆಕ್ಯುರಿಟಿ ಕಡೆ ಹೊರಳಬೇಕು, ಯಾವ ಸರ್ಟಿಫಿಕೇಟ್ ಮಾಡಲಿ ಅಂತ ಕೇಳಿದ್ದೀಯ. ಬೇಕಾದರೆ ಒಂದು ಮಾಡಿಕೋ. ಅದು ಇಂಟರ್‌ವ್ಯೂವರೆಗೆ ಕರೆದುಕೊಂಡು ಹೋಗುತ್ತದೆ, ಅಷ್ಟೇ.

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ (ಫೈಲ್ ಕುಗ್ಗಿಸುವ) ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಡೋರ್, ಅಂದರೆ ಗುಟ್ಟಾಗಿ ಇಟ್ಟ ಕಳ್ಳಬಾಗಿಲು, ಸಿಕ್ಕಿತಲ್ಲ, ಅದನ್ನು ಹಿಡಿದವರು ಯಾರು ಗೊತ್ತಾ? ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್. ತಾನು ಸೆಕ್ಯುರಿಟಿ ಸಂಶೋಧಕನಲ್ಲ ಅಂತ ಅವರೇ ಬರೆದುಕೊಂಡರು. ಅವರ ಮಷೀನಿನಲ್ಲಿ ಎಸ್‌ಎಸ್‌ಎಚ್ (ದೂರದ ಮಷೀನಿಗೆ ಸುರಕ್ಷಿತವಾಗಿ ಸೇರುವ ದಾರಿ) ಲಾಗಿನ್‌ಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಸಿಪಿಯು ಕೂಡ ವಿನಾಕಾರಣ ಓಡುತ್ತಿತ್ತು. ನಾವಾಗಿದ್ದರೆ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸಿ ಸುಮ್ನಾಗುತ್ತಿದ್ದೆವು. ಅವರು ಯಾವ ಕೋಡ್‌ಗೆ ಎಷ್ಟು ಸಮಯ ಹೋಗುತ್ತಿದೆ ಅಂತ ತೋರಿಸುವ ಪ್ರೊಫೈಲರ್ ಹಾಕಿ ನೋಡಿದರು. ಸಮಯವೆಲ್ಲ ಎಕ್ಸ್‌ಝಡ್‌ನ ಕಂಪ್ರೆಷನ್ ಲೈಬ್ರರಿಯಲ್ಲಿ ಹೋಗುತ್ತಿತ್ತು. ಲಾಗಿನ್ ಆಗುವಾಗ ಅದಕ್ಕೇನು ಅಲ್ಲಿ ಕೆಲಸ? ಕೆದಕುತ್ತಾ ಹೋದಾಗ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವನಂತೆ ಕೋಡ್ ಕಳಿಸಿ ನಂಬಿಕೆ ಗಳಿಸಿದವನ ಕೈವಾಡ ಬಯಲಾಯಿತು.

ಎಲ್ಲ ಸರಿಯಿದ್ದಾಗ ಸಿಸ್ಟಮ್ ಹೇಗಿರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಪರಿಚಯ ನಿನಗೂ ಬರಲಿ. ಟೂಲ್‌ಗಳು ಆಮೇಲೆ.

ಈ ವಾರ ಒಂದು ಕೆಲಸ ಮಾಡು. ನಿನ್ನ ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಆನ್ ಮಾಡಿ ಯಾವುದಾದರೂ ಒಂದು ವೆಬ್‌ಸೈಟ್ ತೆರೆ. ಸಾಮಾನ್ಯವಾಗಿ ಮೊದಲು ಸೈಟಿನ ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆ ಹೋಗುತ್ತದೆ, ಆಮೇಲೆ ಸರ್ವರ್ ಜೊತೆ ಸಂಪರ್ಕ ಕೂಡಿಸುವ ಟಿಸಿಪಿಯ ಮೂರು ಪ್ಯಾಕೆಟ್‌ಗಳು: ಸಿನ್, ಸಿನ್-ಆಕ್, ಆಕ್. ಅದಾದ ಮೇಲೆ ಬರುವ, ಎನ್‌ಕ್ರಿಪ್ಷನ್ ಶುರುಮಾಡಲು ಬ್ರೌಸರ್ ಕಳಿಸುವ ಕ್ಲೈಂಟ್ ಹಲೋ ಪ್ಯಾಕೆಟ್ ಬಿಡಿಸಿ ನೋಡು. ಬ್ರೌಸರ್‌ನಲ್ಲಿ ಎಲ್ಲ ಎನ್‌ಕ್ರಿಪ್ಟ್ ಆಗಿದೆ ಅಂತ ನಾವು ನಿಶ್ಚಿಂತೆಯಾಗಿರುತ್ತೇವೆ. ಬಹಳಷ್ಟು ಸಲ ಸೈಟಿನ ಹೆಸರು ಅಲ್ಲಿ ಬಟಾಬಯಲಾಗಿ ಕೂತಿರುತ್ತದೆ! ಯಾಕೆ ಹಾಗೆ, ಸರ್ವರ್‌ಗೆ ಆ ಹೆಸರು ಮೊದಲೇ ಯಾಕೆ ಬೇಕು ಅಂತ ನೀನೇ ಹುಡುಕು. ಒಂದು ಪ್ಯಾಕೆಟ್ ಹಿಡಿದು ಇಡೀ ಸಂಜೆ ಕೂತರೂ ಅದು ದಂಡವಲ್ಲ.

ಇನ್ನೊಂದು ವಿಷಯ ಕೋರ್ಸ್‌ಗಳಲ್ಲಿ ಅಷ್ಟಾಗಿ ಬರೋದಿಲ್ಲ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಅನ್ನೋ ವೈರಸ್ 2017ರ ಮೇ 12ರಂದು ಹಬ್ಬಿತು, ಬ್ರಿಟನ್ನಿನ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಆದರೆ ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಪ್ಯಾಚ್, ಅಂದರೆ ತೂತು ಮುಚ್ಚುವ ಅಪ್‌ಡೇಟ್, ಕೊಟ್ಟಾಗಿತ್ತು. ಮದ್ದು ಇದ್ದೂ ಯಾಕೆ ಹಾಕಲಿಲ್ಲ? ಎಷ್ಟೋ ಕಡೆ ಕಾರಣ ಸೋಮಾರಿತನವಲ್ಲ, ಭಯ. ಮಷೀನ್ ರೀಸ್ಟಾರ್ಟ್ ಮಾಡಿದರೆ ಹಳೇ ಸಾಫ್ಟ್‌ವೇರ್ ಮತ್ತೆ ಎದ್ದೇಳುತ್ತೋ ಇಲ್ಲವೋ ಅನ್ನೋ ಭಯ. ಆ ಮಷೀನ್ ನೋಡಿಕೊಳ್ಳುವವರ ಜೊತೆ ಕೂತು, ಯಾವತ್ತು ನಿಲ್ಲಿಸೋಣ, ಕೆಟ್ಟರೆ ಹಿಂದಕ್ಕೆ ಹೋಗೋದು ಹೇಗೆ ಅಂತ ಮಾತಾಡಬೇಕಾದವನು ನೀನು. "ನಿಮ್ಮ ಕೋಡ್‌ನಲ್ಲಿ ತಪ್ಪಿದೆ" ಅಂತ ಮೇಲ್ ಎಸೆದು ಕೈತೊಳೆದುಕೊಳ್ಳುವ ಜನ ಈ ಕ್ಷೇತ್ರದಲ್ಲಿ ಬೇಕಾದಷ್ಟಿದ್ದಾರೆ. ಅಂಥವರ ಮೇಲ್ ಯಾರೂ ಪೂರ್ತಿ ಓದೋದಿಲ್ಲ. ನೀನು ಕೋಡ್ ಬರೆದು ಬಂದವನು, ಡೆಡ್‌ಲೈನ್ ಏನು ಅಂತ ಗೊತ್ತಿರುವವನು. ದೋಷದ ಜೊತೆ ಸರಿಪಡಿಸುವ ದಾರಿಯನ್ನೂ ಬರೆದು ಕಳಿಸು. ಕೋಡ್ ಬರೆಯೋದನ್ನು ಮಾತ್ರ ಬಿಡಬೇಡ.

ಬೇರೆಯವರ ಸರ್ವರ್ ಮೇಲೆ ಒಂದು ಪೋರ್ಟ್ ಸ್ಕ್ಯಾನ್ (ಯಾವ ಯಾವ ಬಾಗಿಲು ತೆರೆದಿದೆ ಅಂತ ತಟ್ಟಿ ನೋಡುವುದು) ಮಾಡುವುದಿದ್ದರೂ ಮೊದಲು ಲಿಖಿತ ಒಪ್ಪಿಗೆ ತಗೋ. ಯಾವ ಸರ್ವರ್, ಯಾವ ದಿನ, ಎಲ್ಲಿಯವರೆಗೆ ಅಂತ ಅದರಲ್ಲಿ ಬರೆದಿರಬೇಕು. ಬಾಯಿಮಾತು ನಡೆಯೋದಿಲ್ಲ. ಈ ವಿಷಯದಲ್ಲಿ ನಾನು ಹಠಮಾರಿ, ನಿನಗೆ ಗೊತ್ತಲ್ವಾ.

ಕೆಲಸ ಈಗಲೇ ಬಿಡಬೇಡ. ನಿಮ್ಮ ಟೀಮಿನಲ್ಲೇ ಲೈಬ್ರರಿ ಅಪ್‌ಡೇಟ್, ಲಾಗ್ ನೋಡುವ ಜವಾಬ್ದಾರಿ ಕೇಳಿ ತಗೋ. ಯಾರಿಗೂ ಬೇಡದ ಕೆಲಸ ಅದು, ಖುಷಿಯಿಂದ ಕೊಡುತ್ತಾರೆ. ಆರು ತಿಂಗಳು ಅದನ್ನು ಮಾಡಿದ ಮೇಲೂ ಆಸೆ ಹಾಗೇ ಇದ್ದರೆ ರೆಸ್ಯೂಮೆ ಕಳಿಸು, ತಿದ್ದಿಕೊಡುತ್ತೇನೆ.

ಇಂತಿ,
ನಿನ್ನ ಚಿಕ್ಕಮ್ಮ